ಕುತ್ತಿಗಿ ಗಂಟಿಗೆ ಸೆರಗು ಮುಚ್ಚಬ್ಯಾಡ್ರಿ

ಮೂರು ವರ್ಷದ ಹಿಂದಿನ ಮಾತು. ಶ್ರಾವಣ ಶುಕ್ರವಾರ ಅರಿಶಿಣ-ಕುಂಕುಮಕ್ಕ ಹೋದಾಗ ಬಾಜೂಮನಿ ವೈನಿ ನನ್ನ ಕೊರಳಿಗೆ ಗಂಧ ಹಚ್ಚಿದ್ರು. ಹಚ್ಚಿದ ಕೈ ಅಲ್ಲೇ ನಿಲ್ಲಿಸಿ, "ಅಯ್ಯ, ಇಲ್ಲೇನೋ ಗಂಟು ಹತ್ತಿಧಂಗ ಆಗ್ತದಲ್ರಿ" ಅಂದ್ರು. ಕೂತ ಹೆಣ್ಣಮಕ್ಕಳೆಲ್ಲಾ ನನ್ನ ಕೊರಳ ಕಡೆ ನೋಡಿದ್ರು. ನಾ "ಏನಿಲ್ಲ ಬಿಡ್ರಿ, ಥಂಡಿಗೆ ಬಾವು ಬಂದಿರಬೇಕು" ಅಂತ ಹೇಳಿ ಸೆರಗು ಹೊದ್ದುಕೊಂಡೆ. ಆ ಸೆರಗು ಮುಂದ ಎಂಟು ತಿಂಗಳು ತಗೀಲೇ ಇಲ್ಲ.

ಯಾಕ ತಗೀಲಿಲ್ಲ ಅಂದ್ರ ಮೈದುನನ ಮಗಳ ಮದುವಿ ಇತ್ತು. ಮದುವಿ ಮನಿಯಾಗ "ದೊಡ್ಡವ್ವಗ ಕೊರಳಾಗ ಗಡ್ಡಿ ಆಗ್ಯದಂತ" ಅನ್ನೂ ಸುದ್ದಿ ಬ್ಯಾಡ ಅನಿಸ್ತು. ಆಮ್ಯಾಲೆ ದೀಪಾವಳಿ, ಆಮ್ಯಾಲೆ ಅತ್ತಿಯವರ ಕಣ್ಣಿನ ಆಪರೇಶನ್. ನಮ್ಮ ಹೆಣ್ಣಮಕ್ಕಳ ಜಡ್ಡಿಗೆ ಕ್ಯಾಲೆಂಡರ್‌ನಾಗ ಜಾಗಾನೇ ಸಿಗೂದಿಲ್ಲ, ನಿಮಗೆಲ್ಲಾ ಗೊತ್ತಿದ್ದದ್ದ.

ನನ್ನ ನಾದಿನಿ ಇದ ಕೆಲಸ ನಾಲ್ಕು ವರ್ಷ ಮಾಡಿದ್ಲು. ಆಕಿ ಗಂಟಿನ ಕತಿ ಬ್ಯಾರೆ, ನನ್ನ ಗಂಟಿನ ಕತಿ ಬ್ಯಾರೆ. ಆಕಿನ್ನ ಕೇಳೇ ಇದನ್ನ ಬರೀಲಿಕತ್ತೇನಿ. "ಬರಿ ವೈನಿ, ಯಾರಿಗರೆ ಉಪಯೋಗ ಆಗ್ಲಿ" ಅಂದ್ಲು. ನಾ ಓದಿದ್ದು ಪಿಯುಸಿ ತನಕ, ಡಾಕ್ಟರಕಿ ಹೇಳಲಿಕ್ಕೆ ಬಂದಿಲ್ಲ. ಎರಡು ಫೈಲು, ಮೂರು ದವಾಖಾನಿ, ಒಂದು ನೋಟ್‌ಬುಕ್ ತುಂಬ ಬರಕೊಂಡ ಪ್ರಶ್ನೆ-ಉತ್ತರ, ಇಷ್ಟು ನನ್ನ ಬಂಡವಾಳ. ಅದರಿಂದ ನನಗ ತಿಳಿದದ್ದು ಒಂದ ಮಾತು. ಗಂಟು ಹೆಂಗ ತಗೀತಾರ, ಕಲೆ ಬೀಳ್ತದೋ ಇಲ್ಲೋ ಅಂತ ಕೇಳೂಕಿಂತ ಮದಲ, ಆ ಗಂಟು ಎಂಥಾದ್ದು ಅಂತ ಕೇಳ್ರಿ. ನಾವು ಈ ಎರಡು ಪ್ರಶ್ನೆ ಹಿಂದ-ಮುಂದ ಮಾಡ್ತೇವಿ, ಅಲ್ಲೇ ತಪ್ಪತದ.

ಥೈರಾಯ್ಡ್ ಅನ್ನೂದು ಕೊರಳಿನ ಮುಂದಿನ ಭಾಗದಾಗ, ಉಸಿರಿನ ಕೊಳವಿ ಮ್ಯಾಲೆ, ಪಾತರಗಿತ್ತಿ ರೆಕ್ಕಿ ಬಿಚ್ಚಿ ಕೂತಂಗ ಇರೂ ಗ್ರಂಥಿ. ಕನ್ನಡಿ ಮುಂದ ನಿಂತು, ಗದ್ದ ಸ್ವಲ್ಪ ಮ್ಯಾಲೆ ಎತ್ತಿ, ಒಂದು ಗುಟುಕು ನೀರು ಕುಡದು ನೋಡ್ರಿ. ಥೈರಾಯ್ಡಿನ ಗಂಟಿದ್ರ ನುಂಗೂಮುಂದ ಮ್ಯಾಲೆ ಏರಿ ಕೆಳಗ ಇಳೀತದ. ಕೊರಳಿನ ಬಾಜೂಕ ಸಾಲಾಗಿ ಏಳೂ ಗಂಟು ಬ್ಯಾರೆ ಜಾತಿದು. ನಮ್ಮ ಕಡೆ ಅದು ಕ್ಷಯದ್ದೂ ಇರಬಹುದು, ತಿಂಗಳಾನುಗಟ್ಟಲೆ ಗುಳಿಗಿ ತಗೊಂಡ್ರ ವಾಸಿ ಆಗ್ತದ, ಕೊಯ್ಯೂದು ಬೇಕಾಗೂದಿಲ್ಲ. ಹಿರ್ಯಾರು ಸುಮ್ಮನ ಎರಡು ಹೆಸರು ಇಟ್ಟಿಲ್ಲ. ಮುಂದಿನ ಬಾವಿಗೆ ಗಳಗಂಡ ಅಂದ್ರು, ಬಾಜೂಕ ಮಾಲಿಯಂಗ ಏಳೂ ಗಂಟಿಗೆ ಗಂಡಮಾಲೆ ಅಂದ್ರು. ಹೊರಗಿಂದ ನೋಡಿದ್ರ ಎಲ್ಲಾ ಗಂಟು ಒಂದ ಥರ, ಒಳಗ ಹಂಗಲ್ಲ.

ನಮ್ಮ ಅತ್ತಿಯವರು "ಉಪ್ಪು ಬದಲಿ ಮಾಡು, ಕರಗ್ತದ" ಅಂದ್ರು. ಅವರ ತಪ್ಪಲ್ಲ. ಅವರ ಕಾಲದಾಗ ಅಯೋಡಿನ್ ಕಡಿಮಿ ಬಿದ್ದು ಗಳಗಂಡ ಆಗೂದು ಭಾಳ ಇತ್ತು. ಅದಕ್ಕಂತನ 1962ರಾಗ ಸರಕಾರ ಗಳಗಂಡ ನಿಯಂತ್ರಣದ ಕಾರ್ಯಕ್ರಮ ಶುರು ಮಾಡಿ ಅಯೋಡಿನ್ ಉಪ್ಪು ತಂತು. ಆ ಉಪ್ಪು ಕೊರತಿಯಿಂದ ಬರೂ ಗಳಗಂಡ ತಡೀತದ. ಆಗಲೇ ಬೆಳದು ಕೂತ ಗಂಟನ್ನ ಕರಗಸೂ ಔಷಧ ಅಲ್ಲ ಅದು.

ನಾ ಮಾಡಿದ ಎರಡನೇ ತಪ್ಪು ಕೇಳ್ರಿ. ಎಂಟು ತಿಂಗಳ ಮ್ಯಾಲೆ, ಜೋಳದ ರೊಟ್ಟಿ ತುತ್ತು ಗಂಟಲಾಗ ತಡದಂಗ ಆಗ್ಲಿಕ್ಕೆ ಶುರು ಆದಾಗ, ಓಣಿ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬಂದೆ. ಟಿಎಸ್‌ಎಚ್ ನಾರ್ಮಲ್ ಬಂತು. "ಥೈರಾಯ್ಡ್ ನಾರ್ಮಲ್ ಅದ" ಅಂತ ಮನಿ ತುಂಬ ಹೇಳಿ ಪೇಢೆ ಹಂಚೂದೊಂದ ಬಾಕಿ. ಆದ್ರ ರಕ್ತದ ಪರೀಕ್ಷೆ ಹೇಳೂದು ಗ್ರಂಥಿ ಕೆಲಸ ಸರಿ ಮಾಡ್ತದೋ ಇಲ್ಲೋ ಅಂತ ಅಷ್ಟ. ಗ್ರಂಥಿಯೊಳಗ ಬೆಳದ ಗಂಟು ಎಂಥಾದ್ದು ಅಂತ ಅದು ಹೇಳೂದಿಲ್ಲ. ನಾದಿನಿಗೂ ಟಿಎಸ್‌ಎಚ್ ನಾರ್ಮಲ್ಲೇ ಇತ್ತು, ಗಂಟಿನೊಳಗ ಕ್ಯಾನ್ಸರ್ ಇತ್ತು. ಇದೊಂದನ್ನ ದಯಮಾಡಿ ನೆನಪಿಡ್ರಿ. ಕೈಗೆ ಗಂಟು ಹತ್ತಿದ್ರ ರಕ್ತದ ರಿಪೋರ್ಟ್ ನಾರ್ಮಲ್ ಅಂತ ಮನಿಗೆ ಬರಬ್ಯಾಡ್ರಿ, ಕುತ್ತಿಗಿ ಸ್ಕ್ಯಾನಿಂಗ್ ಕೇಳ್ರಿ. ಹೊಟ್ಟಿ ಸ್ಕ್ಯಾನಿಂಗ್ ಇದ್ದಂಗನ, ತಂಪು ಜೆಲ್ಲಿ ಹಚ್ಚಿ ಮಾಡ್ತಾರ, ನೋವಿಲ್ಲ.

ಸ್ಕ್ಯಾನಿಂಗ್‌ನಾಗ ನನ್ನ ಗಂಟು 3.2 ಸೆಂಟಿಮೀಟರ್ ಬಂತು. ರಿಪೋರ್ಟ್‌ನಾಗ ಟೈರಾಡ್ಸ್ 3 ಅಂತ ಬರದಿದ್ರು. ಇದು 1ರಿಂದ 5ರ ತನಕ ಕೊಡೂ ನಂಬರ್. ಸಾಲಿ ಮಾರ್ಕ್ಸ್ ಇದ್ದಂಗಲ್ಲ, ಇಲ್ಲಿ ಹೆಚ್ಚು ಬಂದಷ್ಟು ಸಂಶಯ ಹೆಚ್ಚು. ನಂಬರು ಮತ್ತ ಅಳತಿ ಎರಡೂ ಕೂಡಿಸಿ ಸೂಜಿ ಪರೀಕ್ಷೆ ಬೇಕೋ ಬ್ಯಾಡೋ ನೋಡ್ತಾರ. 3 ಇದ್ರ ಎರಡೂವರಿ ಸೆಂಟಿಮೀಟರ್ ದಾಟಿದ ಮ್ಯಾಲೆ, 4 ಇದ್ರ ಒಂದೂವರಿ, 5 ಇದ್ರ ಒಂದು ಸೆಂಟಿಮೀಟರ್ ಆದ್ರ ಸಾಕು, ಸೂಜಿ ಹಾಕಿ ನೋಡ್ತಾರ. ಅಂದ್ರ ದೊಡ್ಡ ಗಂಟೆಲ್ಲಾ ಕೆಟ್ಟದ್ದಲ್ಲ, ಸಣ್ಣದೆಲ್ಲಾ ಒಳ್ಳೇದಲ್ಲ.

ಸೂಜಿ ಪರೀಕ್ಷೆ ಅಂದಕೂಡ್ಲೆ ನಮ್ಮನಿಯಾಗ ಗದ್ದಲ. "ಸೂಜಿ ಚುಚ್ಚಿದ್ರ ಹಬ್ಬತದಂತ" ಅಂತ ಫೋನ್ ಮ್ಯಾಲೆ ಫೋನ್. ನಾ ಡಾಕ್ಟರ್‌ಬಾಯಿಯವರನ್ನ ನೇರ ಕೇಳಿದೆ. ಹಂಗಾಗೂದು ಭಾಳ ಭಾಳ ಅಪರೂಪ, ರಕ್ತ ತಗಿಯೂ ಸೂಜಿಗಿಂತ ದಪ್ಪ ಇರೂದಿಲ್ಲ ಇದು ಅಂದ್ರು. ಹೌದ ಖರೆ, ಸ್ಕ್ಯಾನಿಂಗ್ ನೋಡಕೋತ ಎರಡು-ಮೂರು ಸಲ ಚುಚ್ಚಿ ಒಂದಿಷ್ಟು ಜೀವಕೋಶ ತಗದ್ರು. ಮನಿಗೆ ಬಂದು ನಾನ ಪಲ್ಯಾ ಹೆಚ್ಚಿದೆ. ಸೂಜಿ ಚುಚ್ಚಿದ್ದಕ್ಕ ಹಬ್ಬಿದ್ದು ನಾ ಯಾರಲ್ಲೂ ನೋಡಿಲ್ಲ. ತಡಾ ಮಾಡಿದ್ದಕ್ಕ ಹಬ್ಬಿದ್ದು ನಮ್ಮನಿಯಾಗನ ನೋಡೇನಿ.

ಸೂಜಿ ರಿಪೋರ್ಟ್‌ನಾಗ ಬೆಥೆಸ್ಡಾ ಅಂತ 1ರಿಂದ 6ರ ತನಕ ವರ್ಗ ಇರ್ತದ. 1 ಅಂದ್ರ ತಗದ ಮಾಲು ಸಾಲಿಲ್ಲ, ಹೊಳ್ಳಿ ತಗೀಬೇಕು. 2 ಅಂದ್ರ ಸಾದಾ ಗಂಟು, ಕ್ಯಾನ್ಸರ್ ಇರೂ ಸಂಭವ 100ಕ್ಕ 3ರ ಒಳಗ. 3 ಮತ್ತ 4 ಅಡ್ಡಗೋಡಿ ಮ್ಯಾಲಿನ ದೀಪ, ಹಿಂಗೂ ಇರಬಹುದು, ಹಂಗೂ ಇರಬಹುದು. 5 ಗಟ್ಟಿ ಸಂಶಯ, 6 ಅಂದ್ರ ಕ್ಯಾನ್ಸರ್. ಒಟ್ಟು ಥೈರಾಯ್ಡ್ ಗಂಟಿನೊಳಗ ಕ್ಯಾನ್ಸರ್ ಇರೂದು 100ಕ್ಕ 7ರಿಂದ 15 ಅಂತ ಡಾಕ್ಟರ್ ಲೆಕ್ಕ. ಉಳಿದದ್ದೆಲ್ಲಾ ಸಾದಾ. ಅಂದ್ರ ಹೆದರಿ ಕೂಡೂಕಿಂತ ಹೋಗಿ ನೋಡಿಸೋದ್ರಾಗನ ಸಮಾಧಾನ ಸಿಗೂ ಸಂಭವ ಹೆಚ್ಚು.

ನಂದು 2 ಬಂತು. ಬಂದ ಮ್ಯಾಲೂ ಒಂದು ದವಾಖಾನಿಯವರು "ಪೂರ್ತಿ ಥೈರಾಯ್ಡ್ ತಗದ ಬಿಡೋಣ, ಈ ವಾರನ ಅಡ್ಮಿಟ್ ಆಗ್ರಿ" ಅಂದ್ರು. ಸಾದಾ ಗಂಟು, ಒಂದ ಬಾಜೂಕ ಅದ, ಇನ್ನೊಂದು ಬಾಜೂ ಛಲೋ ಅದ, ಪೂರ್ತಿ ಯಾಕ ಅಂತ ಕೇಳಿದ್ರ ಸರಿಯಾದ ಉತ್ತರ ಬರಲಿಲ್ಲ. ನಮ್ಮನಿಯವರು ಫೈಲ್ ತಗೊಂಡು ಎದ್ದರು. ಎದ್ದದ್ದು ಛಲೋ ಆತು. ಪೂರ್ತಿ ತಗದ್ರ ಜೀವನ ಪೂರ್ತಿ ದಿನಾ ಗುಳಿಗಿ. ಕ್ಯಾನ್ಸರ್ ಇದ್ದು ತಗೀಲೇಬೇಕಾದ್ರ ಆ ಮಾತು ಬ್ಯಾರೆ.

ಸಾದಾ ಗಂಟು ತ್ರಾಸು ಕೊಡದಿದ್ರ ಏನೂ ಮಾಡೂದು ಬ್ಯಾಡ, ಹೇಳಿದ ಹೊತ್ತಿಗೆ ಸ್ಕ್ಯಾನಿಂಗ್ ಮಾಡಿಸ್ಕೋತ ಇದ್ರ ಸಾಕು. ನನಗ ತುತ್ತು ನುಂಗಲಿಕ್ಕೆ, ಅಂಗಾತ ಮಲಗಲಿಕ್ಕೆ ತ್ರಾಸು ಇತ್ತು. ಬೆಂಗಳೂರಾಗ ಮಗ ಇರ್ತಾನ, ಅಲ್ಲೇ ಎರಡನೇ ಅಭಿಪ್ರಾಯ ಕೇಳಿದ್ವಿ. ಅಲ್ಲಿ ಡಾಕ್ಟರು ರೇಡಿಯೋ ಫ್ರೀಕ್ವೆನ್ಸಿ ಅಬ್ಲೇಶನ್ ಅಂತ ಒಂದು ದಾರಿ ಹೇಳಿದ್ರು. ಆರ್‌ಎಫ್‌ಎ ಅಂತಾರ. ಕೊರಿಯಾ ದೇಶದ ಡಾಕ್ಟರ್ ಇದನ್ನ 2000ದ ಈಚೆ ಥೈರಾಯ್ಡ್ ಗಂಟಿಗೆ ಬೆಳೆಸಿದ್ರಂತ. ಗಂಟು ಕೊಯ್ದು ತಗಿಯೂದಿಲ್ಲ. ಸ್ಕ್ಯಾನಿಂಗ್ ನೋಡಕೋತ ಸೂಜಿ ಒಳಗ ಹಾಕಿ, ತುದಿಗೆ ಕಾವು ಕೊಟ್ಟು, ಗಂಟನ್ನ ಸ್ವಲ್ಪ ಸ್ವಲ್ಪನ ಒಳಗಿಂದನ ಬೇಸ್ತಾರ. ಸತ್ತ ಭಾಗನ್ನ ದೇಹ ತಾನ ತಿಂಗಳಾನುಗಟ್ಟಲೆ ಹೀರಕೊಂಡು ಗಂಟು ಕುಗ್ಗತದ. ನೀರು ತುಂಬಿದ ಗಂಟಿದ್ರ ಇದೂ ಬ್ಯಾಡ, ನೀರು ಎಳದು ಒಳಗ ಆಲ್ಕೋಹಾಲ್ ಬಿಡೂದು ಮದಲನೇ ದಾರಿ.

ಆದ್ರ ಆ ಡಾಕ್ಟರು ಮದಲ ಇನ್ನೊಮ್ಮೆ ಸೂಜಿ ಪರೀಕ್ಷೆ ಮಾಡ್ಸಿದ್ರು. "ಒಮ್ಮೆ ಆಗ್ಯದಲ್ರಿ, ಮತ್ಯಾಕ?" ಅಂದೆ. ಅವರು ಹೇಳಿದ ಮಾತು ನನ್ನ ನೋಟ್‌ಬುಕ್‌ನಾಗ ಹಂಗ ಅದ: ಕೊಯ್ದು ತಗದ ಗಂಟನ್ನ ಪೂರ್ತಿ ಪರೀಕ್ಷೆಗೆ ಕಳಸಬಹುದು, ಬೇಯಿಸಿದ ಗಂಟನ್ನ ಕಳಸಲಿಕ್ಕೆ ಬರೂದಿಲ್ಲ. ಅದಕ್ಕ ಬೇಯಿಸೂಕಿಂತ ಮದಲ ಅದು ಸಾದಾ ಅಂತ ಎರಡು ಸಲ ಖಾತ್ರಿ ಮಾಡ್ಕೋತಾರ. ಎರಡನೇ ಸಲಾನೂ 2 ಬಂತು. ಆಮ್ಯಾಲೇ ಮುಂದಿನ ಮಾತು.

ಆ ದಿನ ಪೂರ್ತಿ ಅರಿವಳಿಕಿ ಕೊಡಲಿಲ್ಲ, ಕುತ್ತಿಗಿಗಷ್ಟ ಬಧೀರ ಮಾಡಿದ್ರು. ನಡುನಡುವ ನನ್ನ ಮಾತಾಡಸ್ತಿದ್ರು, ದನಿ ನರಕ್ಕ ಕಾವು ಹತ್ತಿಲ್ಲ ಅಂತ ನೋಡಲಿಕ್ಕಂತ. ನಾ ಬಿಸಿಬೇಳೆಭಾತ್ ಮಾಡೂ ರೀತಿ ಹೇಳಿದೆ, ನರ್ಸ್ ನಕ್ಕರು. ನೋವು ಇರಲೇ ಇಲ್ಲ ಅಂತ ಸುಳ್ಳು ಹೇಳೂದಿಲ್ಲ. ದವಡಿಗೆ, ಕಿವಿಗೆ ಸೆಳೀತಿತ್ತು, ಕೈ ಎತ್ತಿದ್ರ ನಿಲ್ಲಸ್ತಿದ್ರು. ಸಂಜಿಗೆ ಮಗನ ಮನಿಗೆ ಬಂದೆ. ಒಂದು ವರ್ಷಕ್ಕ ಗಂಟಿನ ಗಾತ್ರ 8 ಎಂಎಲ್ ಇದ್ದದ್ದು 2.4 ಆತು. ಪೂರ್ತಿ ಹೋಗಿಲ್ಲ. ಹೊಳ್ಳಿ ಬೆಳೀಲಿಕ್ಕೂಬಹುದು, ಅದಕ್ಕ ವರ್ಷಕ್ಕೊಮ್ಮೆ ಸ್ಕ್ಯಾನಿಂಗ್ ತಪ್ಪೂದಿಲ್ಲ. ರೊಟ್ಟಿ ಈಗ ಸರಾಗ ಇಳೀತದ, ಗುಳಿಗಿ ಇಲ್ಲ.

ಇಲ್ಲಿಂದ ನಾದಿನಿ ಕತಿ ಶುರು ಆಗ್ತದ. ನನ್ನ ಕೊರಳು ನೋಡಿ, ಕಲೆನೇ ಇಲ್ಲ ಅಂತ ಆಕಿಗೆ ಧೈರ್ಯ ಬಂತು. ಸೆರಗು ತಗದು ತೋರ್ಸಿದ್ಲು. ಕಲ್ಲಿನಂಗ ಗಟ್ಟಿ ಗಂಟು, ಬಾಜೂಕ ಮತ್ತೆರಡು ಸಣ್ಣವು. ಸೂಜಿ ರಿಪೋರ್ಟ್ 6 ಬಂತು. ಪ್ಯಾಪಿಲರಿ ಕ್ಯಾನ್ಸರ್, ಕೊರಳ ಬಾಜೂ ಗಂಟಿಗೂ ಹೋಗಿತ್ತು. ಆಕಿ ಡಾಕ್ಟರ್ ಮುಂದ ಕೂತು ಹೇಳಿದ್ದು ಒಂದ ಮಾತು: "ನಮ್ಮ ವೈನಿಗೆ ಮಾಡಿಧಂಗ ಸೂಜಿಲೇ ಮಾಡ್ರಿ." ಡಾಕ್ಟರು ಆಗೂದಿಲ್ಲ ಅಂದ್ರು. ಗಂಟು ಹಬ್ಬೇದ, ಥೈರಾಯ್ಡು ಮತ್ತ ಬಾಜೂ ಗಂಟು ಎಲ್ಲಾ ಕೂಡೇ ತಗೀಬೇಕು ಅಂದ್ರು.

ಆಕಿ ಸಿಟ್ಟು ನನ್ನ ಮ್ಯಾಲೆ ತಿರುಗಿತು. "ನಿನಗೊಂದು ನ್ಯಾಯ, ನನಗೊಂದು ನ್ಯಾಯ" ಅಂತ ಒಂದು ತಿಂಗಳು ಮಾತು ಬಿಟ್ಲು. ಆ ತಿಂಗಳದಾಗ ಇನ್ನೊಂದು ಕಡೆ ಹೋಗಿ "ಕಲೆ ಇಲ್ಲದ" ಆಪರೇಶನ್ ಕೇಳಿ ಬಂದ್ಲು. ಅಲ್ಲೂ ಆಕಿಗೆ ಅದು ಒಗ್ಗೂದಿಲ್ಲ ಅಂದ್ರು. ಆಕಿಗೆ ಇನ್ನೊಂದು ಹೆದರಿಕಿ ಇತ್ತು, ಅದು ಕಲೆಗಿಂತ ಖರೇ ಹೆದರಿಕಿ. ಭಜನಾ ಮಂಡಳಿಯಾಗ ದಾಸರಪದಾ ಹಾಡೂಕಿ ಆಕಿ. ಥೈರಾಯ್ಡಿನ ಬೆನ್ನಿಗೇ ದನಿ ನರ ಹಾದು ಹೋಗಿರ್ತದ.

ಕಡೀಕ ಆಪರೇಶನ್ ಆತು. ಆಪರೇಶನ್ ಆದ ಮರುದಿನ ಬೆರಳ ತುದಿ, ತುಟಿ ಸುತ್ತ ಜುಂ ಅಂತಿತ್ತು. ಥೈರಾಯ್ಡ್ ಹಿಂದ ಕ್ಯಾಲ್ಸಿಯಂ ನೋಡಕೊಳ್ಳೂ ನಾಲ್ಕು ಸಣ್ಣ ಗ್ರಂಥಿ ಇರ್ತಾವಂತ, ಅವಕ್ಕ ಪೆಟ್ಟಾದ್ರ ಹಂಗ ಆಗ್ತದ. ಕ್ಯಾಲ್ಸಿಯಂ ಕೊಟ್ಟರು, ಕೆಲವು ವಾರದಾಗ ಸರಿ ಆತು. ಆಮ್ಯಾಲೆ ರೇಡಿಯೋ ಅಯೋಡಿನ್ ಕೊಡಲಿಕ್ಕೆ ಎರಡು ವಾರ ಅಯೋಡಿನ್ ಕಡಿಮಿ ಊಟ. ಅಯೋಡಿನ್ ಹಾಕದ ಉಪ್ಪು ಹುಡುಕಿ ತಂದು, ಹಾಲು-ಮಸರು ಬಿಟ್ಟು, ಆಕಿಗಂತ ಬ್ಯಾರೆ ಅಡಗಿ ಮಾಡಿದ್ದು ನಾನ. ಮಸರಿಲ್ಲದ ಊಟ ಆಕಿಗೆ ಆಪರೇಶನ್‌ಕಿಂತ ಜಡ ಆತು. ಔಷಧ ಕೊಟ್ಟ ಮ್ಯಾಲೆ ಕೆಲವು ದಿನ ಖೋಲಿಯೊಳಗ ಒಬ್ಬಾಕಿನೇ, ಮೊಮ್ಮಗಳನ್ನ ಎತ್ತಕೊಳ್ಳಲಿಕ್ಕಿಲ್ಲ. ಈಗ ದಿನಾ ಮುಂಜಾನೆ ಖಾಲಿ ಹೊಟ್ಟಿಲೆ ಗುಳಿಗಿ, ಅರ್ಧ ತಾಸಿನ ಮ್ಯಾಲೆ ಚಾ. ದನಿ ಎರಡು ತಿಂಗಳು ಬಿದ್ದಿತ್ತು, ಈಗ ಬಂದದ. ಮ್ಯಾಲಿನ ಸ್ವರ ಇನ್ನೂ ಎತ್ತಲಿಕ್ಕೆ ಆಗೂದಿಲ್ಲ. ಮುಂದಿನ ಸಾಲಿನಾಗ ಕೂತು ಕೆಳಗಿನ ಶ್ರುತಿಲೆ ಹಾಡ್ತಾಳ.

ಪ್ಯಾಪಿಲರಿ ಅನ್ನೂದು ಕ್ಯಾನ್ಸರ್ ಒಳಗ ಭಾಳ ಮಟ್ಟಿಗೆ ವಾಸಿ ಆಗೂ ಜಾತಿದು. ನಾಲ್ಕು ವರ್ಷದ ಹಿಂದ ತೋರ್ಸಿದ್ರ ಇಷ್ಟೆಲ್ಲಾ ಬೇಕಾಗ್ತಿದ್ದಿಲ್ಲೇನೋ ಅಂತ ನನಗ ಅನಸ್ತದ. ಆಕಿ ಮುಂದ ಅನ್ನೂದಿಲ್ಲ.

ಈಗ ಕಲೆ ಮಾತಿಗೆ ಬರ್ತೇನಿ, ಯಾಕಂದ್ರ ನಿಮ್ಮೊಳಗ ಭಾಳ ಮಂದಿ ನನ್ನ ಕೇಳೂದು ಅದನ್ನ. ಕೊರಳಿನ ಕೆಳಗ ಅಡ್ಡ ಗೀಟು ಹಾಕಿ ಥೈರಾಯ್ಡ್ ತಗಿಯೂ ಪದ್ಧತಿ ಸುರಳೀತ ಮಾಡಿದವರು ಸ್ವಿಟ್ಜರ್‌ಲ್ಯಾಂಡಿನ ಕೋಖರ್ ಅನ್ನೂ ಡಾಕ್ಟರು, 1909ರಾಗ ಅವರಿಗೆ ನೊಬೆಲ್ ಬಂತು. ಅವರಕಿಂತ ಮದಲ ಈ ಆಪರೇಶನ್‌ನಾಗ ಜೀವ ಉಳಿಯೂದ ಕಠಿಣ ಇತ್ತು. ಈಗ ಬಾಯೊಳಗ ಕೆಳತುಟಿ ಹಿಂದ ಮೂರು ತೂತು ಮಾಡಿ ತಗೀತಾರ, ಥಾಯ್ಲೆಂಡ್‌ನಿಂದ ಬಂದ ಪದ್ಧತಿ. ಬಗಲಿನಿಂದ ರೋಬೋಟ್ ಕೈಲೆ ತಗಿಯೂದು ಕೊರಿಯಾದಿಂದ ಬಂತು. ಕೊರಳ ಮ್ಯಾಲೆ ಕಲೆ ಇರೂದಿಲ್ಲ, ಖರೆ. ಆದ್ರ ಬಗಲಿನಿಂದ ಕೊರಳ ತನಕ ಚರ್ಮದ ಕೆಳಗ ದಾರಿ ಮಾಡ್ಕೊಂಡ ಹೋಗಬೇಕಲ್ಲ? ಹೊರಗ ಕಲೆ ಕಾಣದಿದ್ರ ಒಳಗ ಆಪರೇಶನ್ ಸಣ್ಣದು ಅಂತ ಅರ್ಥ ಅಲ್ಲ. ದನಿ ನರ ಅಲ್ಲೂ ಅದ, ಕ್ಯಾಲ್ಸಿಯಂ ಗ್ರಂಥಿ ಅಲ್ಲೂ ಅವ.

ಮದುವಿ ಆಗೂ ಹುಡುಗಿಗೆ ಕಲೆ ಬ್ಯಾಡ ಅನಿಸಿದ್ರ ನಾ ಆಡಿಕೊಳ್ಳೂದಿಲ್ಲ. ಕೊರಳು ಆಕಿದು, ಕನ್ನಡಿ ಆಕಿದು. ಗಂಟು ಅದಕ್ಕ ತಕ್ಕದ್ದಿದ್ರ, ಮಾಡೂ ಡಾಕ್ಟರ ಕೈ ಪಳಗಿದ್ರ, ಅವಶ್ಯ ಮಾಡಿಸ್ಲಿ. "ನೀವು ಇಂಥಾವು ಎಷ್ಟು ಮಾಡೀರಿ?" ಅಂತ ಬಾಯಿ ಬಿಟ್ಟು ಕೇಳ್ಲಿ. ಸೀರಿ ಅಂಗಡ್ಯಾಗ ಬಣ್ಣಾ ಬಿಡ್ತದೇನು ಅಂತ ಹತ್ತು ಸಲ ಕೇಳ್ತೇವಿ, ಇಲ್ಲೊಮ್ಮೆ ಕೇಳಲಿಕ್ಕೆ ನಾಚಿಕಿ ಯಾಕ? ಆದ್ರ ಹುಡುಗಿನ್ನ ಬಿಟ್ಟು ತಾಯಿ, ಅತ್ತಿ, ನೆಗೆಣ್ಣಿ ಎಲ್ಲಾ ಕೂಡಿ "ಮಂದಿ ಏನಂತಾರ" ಅನ್ನೂದರ ಮ್ಯಾಲೆ ಚಿಕಿತ್ಸೆ ಆರಿಸೂದು ನನಗ ಒಪ್ಪಿಗಿ ಇಲ್ಲ. ಚಿಕಿತ್ಸೆ ಆರಿಸಬೇಕಾದ್ದು ಸೂಜಿ ರಿಪೋರ್ಟ್ ನೋಡಿ.

ಇಷ್ಟು ಓದಿ "ನಾಳೆನ ಹೋಗಿ ಎಲ್ಲಾರೂ ಕುತ್ತಿಗಿ ಸ್ಕ್ಯಾನಿಂಗ್ ಮಾಡಿಸೋಣ" ಅಂತ ಹೊರಡಬ್ಯಾಡ್ರಿ ಮತ್ತ. ಅದೂ ತಪ್ಪ. ಕೊರಿಯಾದಾಗ ಏನೂ ತ್ರಾಸಿಲ್ಲದವರಿಗೆಲ್ಲಾ ಕುತ್ತಿಗಿ ಸ್ಕ್ಯಾನಿಂಗ್ ಮಾಡಿ ಮಾಡಿ, 1993ಕ್ಕ ಹೋಲಿಸಿದ್ರ 2011ರಾಗ ಥೈರಾಯ್ಡ್ ಕ್ಯಾನ್ಸರ್ ಅಂತ ಹೇಳಿಸಿಕೊಂಡವರ ಪ್ರಮಾಣ 15 ಪಟ್ಟು ಆತು. ಸಾಯೂವರ ಪ್ರಮಾಣ ಮಾತ್ರ ಹಂಗ ಇತ್ತು. ಅಂದ್ರ ಎಷ್ಟೋ ಮಂದಿಗೆ ಜೀವನಪೂರ್ತಿ ತ್ರಾಸು ಕೊಡದಿದ್ದ ಸಣ್ಣ ಗಂಟು ಹುಡುಕಿ ತಗದು, ಗುಳಿಗಿ ಹಚ್ಚಿಧಂಗಾತು. ಜಪಾನಿನ ಕೋಬೆ ಊರಿನ ಕುಮಾ ಆಸ್ಪತ್ರೆಯವರು 1993ರಿಂದನ ಒಂದು ಸೆಂಟಿಮೀಟರ್ ಒಳಗಿನ ಅಪಾಯ ಇಲ್ಲದ ಪ್ಯಾಪಿಲರಿ ಗಂಟನ್ನ ಕೊಯ್ಯದ, ಬರೇ ನೋಡಕೋತ ಬಂದಾರ. ಭಾಳಷ್ಟು ಗಂಟು ಇದ್ದಲ್ಲೇ ಇದ್ದಾವು. ಸುಮ್ಮನ ನೋಡಕೋತ ಇರೂದೂ ಒಂದು ಚಿಕಿತ್ಸೆನ. ಆದ್ರ ಅದು ಡಾಕ್ಟರು ನೋಡಕೋತ ಇರೂದು. ಸೆರಗಿನ ಕೆಳಗ ಮುಚ್ಚಿ ಇಡೂದಲ್ಲ.

ಹಂಗಾದ್ರ ಯಾವಾಗ ಹೋಗಬೇಕು? ಕೈಗೆ ಅಥವಾ ಕಣ್ಣಿಗೆ ಗಂಟು ಹತ್ತಿದ್ರ. ದನಿ ಒಡದು ಎರಡು-ಮೂರು ವಾರ ಆದ್ರೂ ಸರಿ ಆಗದಿದ್ರ. ನುಂಗಲಿಕ್ಕೆ, ಉಸಿರಾಡಲಿಕ್ಕೆ ತಡದಂಗ ಆದ್ರ. ಗಂಟು ಗಟ್ಟಿ ಇದ್ರ, ಲಗೂನ ಬೆಳದ್ರ. ತವರಿನಾಗ ಯಾರಿಗರೆ ಥೈರಾಯ್ಡ್ ಕ್ಯಾನ್ಸರ್ ಆಗಿದ್ರ, ಅಥವಾ ಸಣ್ಣಾಕಿ ಇದ್ದಾಗ ಕುತ್ತಿಗಿಗೆ ರೇಡಿಯೇಶನ್ ಕೊಟ್ಟಿದ್ರ ಡಾಕ್ಟರಿಗೆ ಅದನ್ನ ಮರೀದ ಹೇಳ್ರಿ. ಹೋಗೂಮುಂದ ನೋಟ್‌ಬುಕ್ಕಿನಾಗ ನಾಲ್ಕು ಪ್ರಶ್ನೆ ಬರಕೊಂಡು ಹೋಗ್ರಿ: ಗಂಟಿನ ನಂಬರು ಎಷ್ಟು, ಸೂಜಿ ವರ್ಗ ಯಾವುದು, ಏನೂ ಮಾಡದಿದ್ರ ಏನಾಗ್ತದ, ಅರ್ಧ ತಗದ್ರ ಸಾಕೋ ಪೂರ್ತಿ ತಗೀಬೇಕೋ. ಕಲೆ ಪ್ರಶ್ನೆ ಐದನೇದು ಇರಲಿ, ಬ್ಯಾಡ ಅನ್ನೂದಿಲ್ಲ.

ಈ ಶ್ರಾವಣದಾಗ ನಮ್ಮನಿ ಅರಿಶಿಣ-ಕುಂಕುಮಕ್ಕ ನಾದಿನಿ ಬಂದಿದ್ಲು. ಕೊರಳಾಗ ಮಂಗಳಸೂತ್ರದ ಮ್ಯಾಲೆ ಸಣ್ಣ ಗೀಟು ಕಾಣತದ, ಮಡಿಕಿಯಾಗ ಮಡಿಕಿ ಕೂಡಿಧಂಗ. ಆಕಿ ಸೆರಗು ಹಿಂದ ಸರಿಸಿ ಕೂತ್ಲು, ನಾ ಗೀಟಿನ ಮ್ಯಾಲೇ ಗಂಧ ಹಚ್ಚಿದೆ. ಬಾಜೂಕ ಕೂತ ಇನ್ನೊಬ್ಬಾಕಿ ಅದನ್ನ ನೋಡಿ, ಹೋಗೂಮುಂದ ಬಾಗಲದಾಗ ನನ್ನ ಕೈ ಹಿಡದು, ತನ್ನ ಕೊರಳ ಮ್ಯಾಲೆ ಇಟ್ಟು, "ಇದು ನೋಡ್ರಿ ವೈನಿ, ಏನಿರಬಹುದು?" ಅಂದ್ಲು. ಏನದನೋ ನನಗೇನು ಗೊತ್ತು? ಮರುದಿನ ಮುಂಜಾನೆ ಇಬ್ರೂ ಕೂಡಿ ದವಾಖಾನಿಗೆ ಹೋದ್ವಿ.